ಕಳಚಿದ ಚಪ್ಪಲಿ

ಬೆನ್ನುನೋವೆಂದರೆ ಕೇಳಿದವರೆಲ್ಲರೂ ವೈದ್ಯರೇ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಆ ನಡುವಯಸ್ಸಿನ ಮಾಸ್ತರರಿಗೆ ಒಬ್ಬರು ಎಣ್ಣೆ ಹೇಳಿದರು. ಇನ್ನೊಬ್ಬರು ಹಲಗೆಯ ಮೇಲೆ ಮಲಗಿರೆಂದರು. ಆದರೆ ಮಲಗಿದರೇ ನೋವು ಹೆಚ್ಚುತ್ತಿತ್ತು. ರಾತ್ರಿಯೆಲ್ಲ ಎದ್ದು ಕುಳಿತಿರಬೇಕಾಗುತ್ತಿತ್ತು. ಹೀಗೆಯೇ ವರ್ಷವೊಂದು ಕಳೆಯಿತು.

ಒಂದು ಸಂಜೆ ಅವರು ತೋಟದಿಂದ ಬಂದಾಗ ಮಡದಿ ನಗುತ್ತ, “ರೀ, ಒಂದು ಚಪ್ಪಲಿ ಅಲ್ಲೇ ಉಳದದ ನೋಡ್ರಿ!” ಎಂದರು. ಮಾಸ್ತರರಿಗೆ ಅದು ಕಳಚಿದ್ದೇ ತಿಳಿದಿರಲಿಲ್ಲ. ಆಕೆಯ ನಗೆ ಅಲ್ಲಿಗೇ ನಿಂತಿತು.

ಕಲಬುರಗಿಯ ದವಾಖಾನೆಯಲ್ಲಿ ವೈದ್ಯರು ಬೆನ್ನಿಗಿಂತ ಮೊದಲು ಪಾದವನ್ನು ನೋಡಿದರು. ಅಂಗಾಲಿನ ಅಂಚಿನಲ್ಲಿ ಗೀರೆಳೆದಾಗ ಹೆಬ್ಬೆರಳು ಕೆಳಗೆ ಬಾಗದೆ ಮೇಲಕ್ಕೆದ್ದಿತು. 1896ರಲ್ಲಿ ಪ್ಯಾರಿಸಿನ ಬಬಿನ್‌ಸ್ಕಿ ಗುರುತಿಸಿದ ಕುರುಹು ಇದು. ದೋಷವಿರುವುದು ಸ್ನಾಯುವಿನಲ್ಲಲ್ಲ, ಮಿದುಳಿನಿಂದಿಳಿಯುವ ನರಮಾರ್ಗದಲ್ಲಿ ಎಂದು ಸಾರುವಂಥದು. ಎಂ.ಆರ್.ಐ. ಚಿತ್ರದಲ್ಲಿ ಬೆನ್ನುಹುರಿಯೊಳಗೇ ಗಂಟು ಕಂಡಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಅದನ್ನು ಬಿಡಿಸಿ ತೆಗೆದರು. ಗಂಟಿನ ತುಣುಕನ್ನು ಪರೀಕ್ಷಿಸಿದ ಮೇಲೆ ಹೆಸರು ತಿಳಿಯಿತು: ಎಪೆಂಡಿಮೋಮ. ಅಪರೂಪದ ಗಡ್ಡೆ; ಆದರೆ ಸಾಮಾನ್ಯವಾಗಿ ಮೆಲ್ಲನೆ ಬೆಳೆಯುವಂಥದು. ಪೂರ್ತಿ ತೆಗೆಯಲಾದರೆ ಎಷ್ಟೋ ವೇಳೆ ವಿಕಿರಣ ಚಿಕಿತ್ಸೆಯೂ ಬೇಕಾಗದು. ಆದರೆ ಹುರಿ ಆಗಲೇ ಕಳೆದುಕೊಂಡಿದ್ದನ್ನೆಲ್ಲ ಶಸ್ತ್ರವು ಮರಳಿ ಕೊಡಲಾರದು. ತಡವಾದಷ್ಟೂ ನಷ್ಟ ಹೆಚ್ಚು.

ಈಗ ಮಾಸ್ತರರು ಕೋಲೂರಿ ತೋಟಕ್ಕೆ ನಡೆಯುತ್ತಾರೆ. ಗಂಟು ಮರಳಿತೇ ಎಂದು ನೋಡಲು ಆಗಾಗ ಚಿತ್ರ ತೆಗೆಸುತ್ತಾರೆ. ರಾತ್ರಿ ನಿದ್ದೆ ಬರುತ್ತದೆ. ಎಡಪಾದಕ್ಕೆ ಮಾತ್ರ ಚಪ್ಪಲಿಯ ಅರಿವು ಇನ್ನೂ ಪೂರ್ತಿ ಬಂದಿಲ್ಲ. ಮಡದಿ ಅದರ ಹಿಂಬದಿಗೆ ಒಂದು ಬಾರು ಹೊಲಿಸಿದ್ದಾರೆ.