ಎಸ್, ಎಂ, ಎಲ್

ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಅತ್ಯಂತ ಗರ್ವಿಷ್ಠ ಅಕ್ಷರಗಳು ಯಾವುವೆಂದು ಯಾರಾದರೂ ಕೇಳಿದರೆ ಎಸ್, ಎಂ ಮತ್ತು ಎಲ್ ಎಂದು ತಡವಿಲ್ಲದೆ ಹೇಳಿಬಿಡುತ್ತೇನೆ. ಉಳಿದ ಅಕ್ಷರಗಳು ನಾಲ್ಕಾರು ಕೂಡಿ ಒಂದು ಮಾತನ್ನು ಹುಟ್ಟಿಸಬೇಕು. ಇವಾದರೋ ಅಂಗಿಯ ಕೊರಳಪಟ್ಟಿಯೊಳಗೆ ಒಂಟಿಯಾಗಿ ಕುಳಿತೇ ನಮ್ಮ ದೇಹದ ವಿಷಯದಲ್ಲಿ ತೀರ್ಪು ಕೊಡುತ್ತವೆ. ಆ ತೀರ್ಪಿನ ಮೇಲೆ ಅಪೀಲು ಹೋಗಬಹುದೆಂಬುದು ಬಹುಮಂದಿಗೆ ತಿಳಿದಂತಿಲ್ಲ.

ನನ್ನ ಅಜ್ಜ ಗರಡಿಯಲ್ಲಿ ಸಾಮು ಮಾಡಿದವರು. ಅವರ ವ್ಯಾಯಾಮದ ಉಡುಪಿಗೆ ಈ ಪೀಡೆ ಇರಲಿಲ್ಲ. ಕಟ್ಟಿಕೊಳ್ಳುವವನ ಸೊಂಟವೇ ಲಂಗೋಟಿಯ ಅಳತೆ. ಬಿಗಿ ಹೆಚ್ಚಾದರೆ ಗಂಟು ಸಡಿಲಿಸಿದರಾಯಿತು. ಚಲ್ಲಣವನ್ನು ದರ್ಜಿ ತೊಡೆಯ ಸುತ್ತ ದಾರ ಹಿಡಿದು ಹೊಲಿಯುತ್ತಿದ್ದನಂತೆ. ಸಡಿಲವಾದರೆ ಎದುರಾಳಿಯ ಕೈಗೆ ಹಿಡಿ ಸಿಕ್ಕಿತು, ಬಿಗಿಯಾದರೆ ಬಸ್ಕಿ ಹೊಡೆಯುವಾಗ ಹರಿಯಿತು; ಅಜ್ಜನ ಅಳತೆಶಾಸ್ತ್ರ ಇಷ್ಟೇ. ನಮ್ಮೂರ ಗರಡಿಯೊಳಕ್ಕೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲವಾದ್ದರಿಂದ ಈ ಶಾಸ್ತ್ರ ನನಗೆ ಜಗುಲಿಯ ಮೇಲೆ ಪ್ರಾಪ್ತವಾಯಿತು.

ಅದು ಕಬಡ್ಡಿಗೂ ಸಲ್ಲುತ್ತದೆಂದು ಕಂಡದ್ದು ಕಳೆದ ವರ್ಷ. ತಂಡದ ಹನ್ನೆರಡು ಹುಡುಗಿಯರಿಗೂ ಬಂದ ಉಡುಪು ಒಂದೇ: 'ಎಲ್'. ಅದೂ ಗಂಡಸರ ಮೈಗೆ ಕತ್ತರಿಸಿದ್ದು, ಭುಜದಲ್ಲಿ ಜೋಲು, ಸೊಂಟದ ಕೆಳಗೆ ಬಿಗಿ. "ದೊಡ್ಡದಿದ್ದರೆ ಎಲ್ಲರಿಗೂ ಆಗುತ್ತೆ" ಎಂಬುದು ತಂದವರ ತರ್ಕ. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳ ಎದೆಯಳತೆ 30 ಅಂಗುಲ, ಅಂಗಿಯದು 42. ಅವಳು ರೈಡಿಗೆ ಹೋದರೆ ಎದುರು ಪಕ್ಷದವರ ಕೈಗೆ ಅವಳಿಗಿಂತ ಮೊದಲು ಅಂಗಿ ಸಿಗುತ್ತಿತ್ತು. ಇದು ನಗುವ ಸಂಗತಿ, ನಾವೂ ನಕ್ಕೆವು. ಆದರೆ ಹಿಡಿಯುವವರಲ್ಲಿ ಮೊದಲಿಗಳಾದ ಇನ್ನೊಬ್ಬ ಗೆಳತಿ ಮೈತುಂಬಿದವಳು. ಅದೇ 'ಎಲ್' ಚಡ್ಡಿ ಅವಳ ತೊಡೆ ದಾಟಲಿಲ್ಲ. "ಇದಕ್ಕಿಂತ ದೊಡ್ಡದು ಬರೋದಿಲ್ಲಮ್ಮ, ನೀನೇ ಸ್ವಲ್ಪ ಇಳಿಸ್ಕೋಬೇಕು" ಎಂದರು ವ್ಯಾಪಾರಿ. ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ. ಬಟ್ಟೆ ಸರಿಯಿಲ್ಲವೆನ್ನುವ ಬದಲು ಮೈ ಸರಿಯಿಲ್ಲವೆಂದುಕೊಂಡು ಕೋಣೆಯಲ್ಲಿ ಕುಳಿತುಬಿಟ್ಟಳು.

ಈ ಅಕ್ಷರಗಳಿಗೆ ಇಂತಿಷ್ಟೇ ಅಂಗುಲವೆಂಬ ಕಟ್ಟುಪಾಡಿಲ್ಲ. ಒಂದು ಕಂಪನಿಯ 'ಎಂ' ಇನ್ನೊಂದರ 'ಎಲ್'. ಅಂಗಿಯ ಮೇಲೆ 40 ಎಂದಿದ್ದರೆ ಅದು ತೊಡುವವನ ಎದೆಯೋ ಅಂಗಿಯ ಸುತ್ತಳತೆಯೋ ಎಂದು ವಿಚಾರಿಸಿಯೇ ಕೊಳ್ಳಬೇಕು. ಎರಡಕ್ಕೂ ಮೂರು ನಾಲ್ಕು ಅಂಗುಲದ ಅಂತರವಿರಬಹುದು. ಭಾರತೀಯರ ಮೈಗೆ ತಕ್ಕ ಅಳತೆಪಟ್ಟಿ ಬೇಕೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ 'ಇಂಡಿಯಾಸೈಜ್' ಯೋಜನೆ 2018ರಲ್ಲಿ ಪ್ರಕಟವಾಯಿತು: ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಮಂದಿಯ ಮೈಯನ್ನು ಯಂತ್ರದಿಂದ ಅಳೆಯುವುದು ಅದರ ಸಂಕಲ್ಪ. ದೇಶದ ಮಟ್ಟದಲ್ಲಿಯೇ ಹೀಗೆ ಅಳೆಯಬೇಕಾಗಿ ಬಂದಿರುವಾಗ ನನ್ನ ಗೆಳತಿ ತನ್ನ ತೊಡೆಯನ್ನು ಶಪಿಸಿಕೊಳ್ಳುವುದು ಯಾವ ನ್ಯಾಯ?

ಅವಳನ್ನು ಎಳೆದುಕೊಂಡು ಪೇಟೆಬೀದಿಯ ಹಳೆಯ ದರ್ಜಿಯೊಬ್ಬರಲ್ಲಿಗೆ ಹೋದೆ. ಟೇಪು ಹಿಡಿದದ್ದು ಅವರ ಹೆಂಡತಿ. ಅವರು ಪರದೆಯಾಚೆಯಿಂದ ಅಪ್ಪಣೆ ಕೊಡಿಸುತ್ತಿದ್ದರು. "ನಿಂತಾಗಿನ ಅಳತೆ ಯಾವನಿಗೆ ಬೇಕು? ಕುಕ್ಕರಗಾಲಲ್ಲಿ ಕೂತ್ಕೊ ತಾಯಿ. ಈಗ ಅಳಿ." ಆಟದ ಬಟ್ಟೆಯ ರಹಸ್ಯವೆಲ್ಲ ಆ ಒಂದು ಮಾತಿನಲ್ಲಿತ್ತು. ನಾವು ಅಂಗಡಿಯ ಕನ್ನಡಿಯ ಮುಂದೆ ಫೋಟೋಗೆ ನಿಂತಂತೆ ನಿಂತು ಬಟ್ಟೆ ಆರಿಸುತ್ತೇವೆ, ಆಮೇಲೆ ಅದರಲ್ಲಿ ಓಡುತ್ತೇವೆ. ಕೈಯೆತ್ತಿದಾಗ ಅಂಗಿ ಹೊಟ್ಟೆಯ ಮೇಲಕ್ಕೆ ಏರುತ್ತದೆಯೇ, ಬಸ್ಕಿ ಹೊಡೆದಾಗ ಸೊಂಟಪಟ್ಟಿ ಬೆನ್ನ ಹಿಂದೆ ಜಾರುತ್ತದೆಯೇ, ಹಿಗ್ಗಿದ ಬಟ್ಟೆ ತೆಳುವಾಗಿ ಮೈ ಕಾಣಿಸುತ್ತದೆಯೇ, ಬಿಚ್ಚಿದ ಮೇಲೆ ಹೊಲಿಗೆಯ ಗೀಟು ಚರ್ಮದ ಮೇಲೆ ಉಳಿಯುತ್ತದೆಯೇ, ಇವನ್ನು ಅಂಗಡಿಯಲ್ಲೇ ನೋಡಬೇಕು. ಅಂಗಡಿಯವನು ಗುರಾಯಿಸಿದರೆ ಗುರಾಯಿಸಲಿ. ಹತ್ತಿಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದುಂಟು, ಆದ್ದರಿಂದ ಕೊಂಚ ಧಾರಾಳವಿರಲಿ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್ ನೂಲು ಬೆರೆತ ಮೈಗಪ್ಪು ಬಟ್ಟೆಯ ರೀತಿಯೇ ಬೇರೆ: ಅದನ್ನು ಮೈಯಳತೆಗಿಂತ ಕಿರಿದಾಗಿಯೇ ಕತ್ತರಿಸಿರುತ್ತಾರೆ, ಕೈಯಲ್ಲಿ ಚಿಕ್ಕದಾಗಿ ಕಂಡರೆ ಹೆದರಬೇಕಾಗಿಲ್ಲ.

ಹುಡುಗಿಯರು ನಾಚಿಕೆಯಿಂದ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಅಧ್ಯಾಪಕ ಮಹಾಶಯರು ಕ್ಷಮಿಸಬೇಕು. ಓಟದಲ್ಲಿ ಎದೆನೋವೆಂದು ಆಟ ಬಿಟ್ಟವರನ್ನು ನಾನು ಬಲ್ಲೆ. ಹೆಂಗಸರ ಓಟಕ್ಕೆಂದು ಒಳ‌ಉಡುಪೊಂದು ರೂಪುಗೊಂಡದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಮಹಿಳೆಯರು, ಗಂಡಸರು ಆಟದಲ್ಲಿ ತೊಡುವ ಎರಡು ಲಂಗೋಟಿಗಳನ್ನು ಜೋಡಿಸಿ ಹೊಲಿದು ಅದರ ಮಾದರಿ ಮಾಡಿದರು. ಅಜ್ಜನಿಗೆ ಇದು ತಿಳಿದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು! ಇದರಲ್ಲಿ ಭಾರ ಹೊರಬೇಕಾದದ್ದು ಎದೆಯ ಕೆಳಗಿನ ಪಟ್ಟಿ, ಭುಜದ ಪಟ್ಟಿಯಲ್ಲ. ಕೆಳಪಟ್ಟಿಯಡಿ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು, ಉಸಿರು ತುಂಬ ಎಳೆದುಕೊಳ್ಳಲು ಬರಬೇಕು.

ದರ್ಜಿ ಹೊಸ ಚಡ್ಡಿಯ ತೊಡೆಸಂದಿಗೆ ವಜ್ರಾಕಾರದ ಒಂದು ತುಂಡನ್ನು ಸೇರಿಸಿ ಕೊಟ್ಟರು, ಕಾಲು ಎತ್ತ ಚಾಚಿದರೂ ಹೊಲಿಗೆ ಜಗ್ಗದಂತೆ. ಗೆಳತಿ ಮರಳಿ ಬಂದಳು. ಅಂತರ ಕಾಲೇಜು ಪಂದ್ಯದಲ್ಲಿ ನಾವು ಮೂರು ಅಂಕಗಳಿಂದ ಸೋತೆವು. ಅವಳು ಹಿಡಿದ ನಾಲ್ವರು ಮಾತ್ರ ಬಿಡಿಸಿಕೊಂಡು ಹೋಗಲಿಲ್ಲ.

ಈ ವರ್ಷದ ಉಡುಪಿನ ಪಟ್ಟಿ ಇನ್ನೂ ಹೋಗಿಲ್ಲ. ಟೇಪು ನನ್ನ ಚೀಲದಲ್ಲಿದೆ. ಶನಿವಾರ ಆಟ ಮುಗಿದ ಮೇಲೆ ಮಹಿಳೆಯರ ವಿಶ್ರಾಂತಿ ಕೊಠಡಿಗೆ ಬಂದವರ ಅಳತೆಯನ್ನು ಅಂಗುಲದಲ್ಲಿ ಬರೆದುಕೊಳ್ಳುತ್ತೇನೆ. ಅಕ್ಷರದಲ್ಲಿ ಹೇಳುವವರದನ್ನು ಬರೆದುಕೊಳ್ಳುವುದಿಲ್ಲ.