ಕೂದಲಿನ ದಪ್ಪದಷ್ಟು ತಡ

ರಾತ್ರಿ ಹನ್ನೊಂದಾದರೂ ನನ್ನ ಮಗಳು ಮನೆಗೆ ಬಂದಿಲ್ಲವೆಂದರೆ ಮಲ್ಲೇಶ್ವರದ ನಮ್ಮ ಅಕ್ಕಪಕ್ಕದವರಿಗೆ ನಿದ್ದೆ ಬರುವುದಿಲ್ಲ. "ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಷ್ಟು ಹೊತ್ತಿನ ತನಕ ಏನ್ರೀ ಕೆಲಸ?" ಎಂದವರಿಗೆ "ಲೇಸರ್" ಎಂದುಬಿಡುತ್ತಿದ್ದೆ. ಅದರಾಚೆ ನನಗೂ ಗೊತ್ತಿರಲಿಲ್ಲ. ಹದಿನೈದನೇ ಕ್ರಾಸಿನ 'ಪಂಚವಟಿ' ಸಿ.ವಿ. ರಾಮನ್ನರ ಮನೆ ಎಂಬ ಹೆಮ್ಮೆಯೊಂದಿತ್ತು, ನಾವೇ ಕಟ್ಟಿಸಿಕೊಟ್ಟವರ ಹಾಗೆ!

ಒಂದು ಮಳೆಯ ರಾತ್ರಿ ಬಡಿಸುತ್ತ ಕೇಳಿಯೇಬಿಟ್ಟೆ. "ಅಮ್ಮ, ದೀಪ ಆರಿಸಿದ್ದಾಗ ಮಿಂಚು ಹೊಡೆದರೆ ತಿರುಗೋ ಫ್ಯಾನು ಹೇಗೆ ಕಾಣತ್ತೆ?" ಎಂದಳು.

"ರೆಕ್ಕೆಗಳು ನಿಂತ ಹಾಗೆ."

"ಅದೇ ನನ್ನ ಕೆಲಸ. ಫ್ಯಾನಿನ ಬದಲು ಅಣು."

ಅಣುಗಳ ಓಟಕ್ಕೆ ಆಕಾಶದ ಮಿಂಚು ಸಾಲದಂತೆ. ಫೆಮ್ಟೊಸೆಕೆಂಡಿನ ಲೆಕ್ಕದ ಮಿಂಚು ಬೇಕು. ಸುಮಾರು 3 ಕೋಟಿ ವರ್ಷದಲ್ಲಿ ಒಂದು ಸೆಕೆಂಡು ಎಷ್ಟೋ, ಒಂದು ಸೆಕೆಂಡಿನಲ್ಲಿ ಅದು ಅಷ್ಟು. ಮೊದಲ ಮಿಂಚು ಅಣುವನ್ನು ಕೆಣಕುತ್ತದೆ. ಹಿಂದೆಯೇ ಬರುವ ಎರಡನೆಯದು ಅದರ ಅವಸ್ಥೆ ನೋಡಿಕೊಂಡು ಹೋಗುತ್ತದೆ. ನಡುವಿನ ತಡವನ್ನು ಅಳೆಯುವ ಗಡಿಯಾರವೆಲ್ಲಿದೆ? ಕನ್ನಡಿ ಸರಿಸಿ ಎರಡನೆಯದರ ದಾರಿಯನ್ನೇ ತುಸು ಉದ್ದ ಮಾಡುತ್ತಾರೆ. ಒಂದು ಕೂದಲಿನ ದಪ್ಪದಷ್ಟು ದಾರಿ ಹೆಚ್ಚಾದರೆ ಸುಮಾರು 200 ಫೆಮ್ಟೊಸೆಕೆಂಡ್ ತಡ! ಇಂಥ ಮಿಂಚಿನಲ್ಲಿ ರಾಸಾಯನಿಕ ಕ್ರಿಯೆಯನ್ನು ಹಿಡಿದು ತೋರಿಸಿದ ಅಹಮದ್ ಜುವೇಲರಿಗೆ 1999ರಲ್ಲಿ ನೊಬೆಲ್ ಬಂತು. ಅಣುವಿಗೆ ತಾಕಿದ ಬೆಳಕು ಬಣ್ಣ ಬದಲಿಸುವುದನ್ನು ರಾಮನ್ ಕಂಡದ್ದು 1928ರಲ್ಲಿ. ಅದನ್ನು ಈ ವೇಗದಲ್ಲಿ ಓದುವ ವಿಧಾನವೊಂದನ್ನು ಇದೇ ಇನ್‌ಸ್ಟಿಟ್ಯೂಟಿನ ಶಿವ ಉಮಾಪತಿಯವರ ತಂಡ ರೂಪಿಸಿದೆ.

"ನಮ್ಮ ಕಣ್ಣಿನೊಳಗೂ ಇಂಥದೇ ಓಟ ಕಣಮ್ಮ" ಎನ್ನುತ್ತ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಳು. ಎ ವಿಟಮಿನ್ನಿನಿಂದಾದ ಬಾಗಿದ ಅಣುವೊಂದು ಬೆಳಕು ಬಿದ್ದೊಡನೆ ನೆಟ್ಟಗಾಗುತ್ತದೆ. ಅದಕ್ಕೆ ಹಿಡಿಯುವುದೂ ಸುಮಾರು 200 ಫೆಮ್ಟೊಸೆಕೆಂಡ್. ನೋಟ ಶುರುವಾಗುವುದೇ ಅಲ್ಲಿಂದ. "ಇಲ್ನೋಡು, ಈ ಮೂಲೆ ತಿರುಗತ್ತೆ."

ಕಾಗದವನ್ನು ಎಡಗಣ್ಣಿನ ಕಡೆಗೆ ಸರಿಸಿಕೊಂಡೆ. ಅಭ್ಯಾಸಬಲ.

ಪೆನ್ಸಿಲು ನಿಂತಿತು. "ಎಡಗಣ್ಣು ಮುಚ್ಕೊಂಡು ನೋಡು."

ಮಂಜು ಮಂಜು. ಗೆರೆಯೇ ಇಲ್ಲ.

"ಯಾವಾಗಿಂದಮ್ಮ?"

"ಎರಡು ವರ್ಷ ಆಯ್ತೇನೋ. ಪೊರೆ ಇರಬೇಕು. ನಿನ್ನ ಥೀಸಿಸ್ ಮುಗೀಲಿ ಅಂತ..."

ಅವಳು ಮಾತಾಡಲಿಲ್ಲ. ತಟ್ಟೆಯಲ್ಲಿ ಮಜ್ಜಿಗೆ ಅನ್ನ ಹಾಗೇ ಉಳಿಯಿತು. ಇಷ್ಟು ದಿನ ಇವಳಿಗೆ ಮನೆಯ ಮೇಲೆ ಗಮನವಿಲ್ಲವೆಂದು ದೂರುತ್ತಿದ್ದವಳು ನಾನೇ. ಕಾಣದ ಹಾಗೆ ಮುಚ್ಚಿಟ್ಟವಳೂ ನಾನೇ.

ಬೆಳಿಗ್ಗೆ ಡಿಕಾಕ್ಷನ್ ಇಳಿಸುವಾಗ ಹಜಾರದಿಂದ ಅವಳ ದನಿ ಕೇಳಿಸಿತು. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಇವತ್ತಿನ ಲೇಸರ್ ಟೈಮು ನೀವೇ ತಗೊಳ್ಳಿ. ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."