ಅಡುಗೆಮನೆಯ ಬಾಗಿಲು

ಮನೆ ಕಟ್ಟಿಸುವವರು ತಲೆಬಾಗಿಲಿಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ನೋಡಿ! ತೇಗವೋ ಹೊನ್ನೆಯೋ, ಹೊಸ್ತಿಲ ಪೂಜೆಗೆ ಯಾವ ಮುಹೂರ್ತವೋ. ಅಡುಗೆಮನೆಯ ಬಾಗಿಲನ್ನು ಕೇಳುವವರು ಯಾರು? ಆದರೆ ಸಂಸಾರ ನಡೆಯುವುದು ಅಲ್ಲೇ ಅಲ್ಲವೇ? ಒಬ್ಬರು ಕಾಫಿ ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೇ ಇನ್ನೊಬ್ಬರು ಒಳಗೆ ನುಗ್ಗಬೇಕು, ಮೈಗೆ ಮೈ ತಾಗಬೇಕು, ‘ಸ್ವಲ್ಪ ಸರಿ ಮಾರಾಯ’ ಅನ್ನಬೇಕು.

ಕ್ರಿಸ್ಟೋಫರ್ ಇಶರ್‌ವುಡ್ 1964ರಲ್ಲಿ ಪ್ರಕಟಿಸಿದ ‘ಎ ಸಿಂಗಲ್ ಮ್ಯಾನ್’ ಕಾದಂಬರಿಯಲ್ಲಿ ಅಂಥದೊಂದು ಇಕ್ಕಟ್ಟಿನ ಬಾಗಿಲಿದೆ. ಲಾಸ್ ಏಂಜಲೀಸ್‌ನಲ್ಲಿ ಇಂಗ್ಲಿಷ್ ಪಾಠ ಹೇಳುವ ಜಾರ್ಜ್‌ಗೆ ಐವತ್ತೆಂಟು ವಯಸ್ಸು. ಅವನ ಜೊತೆ ಬಾಳಿದ ಜಿಮ್ ಒಹಾಯೋದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಮೆಟ್ಟಿಲಿಳಿದು ಆ ಬಾಗಿಲಿಗೆ ಬಂದಾಗಲೆಲ್ಲ ಜಾರ್ಜ್‌ನ ಕಾಲು ತಡೆಯುತ್ತದೆ. ಈಗ ಡಿಕ್ಕಿ ಹೊಡೆಯುವವರು ಯಾರೂ ಇಲ್ಲ. ಜಿಮ್ ಹೋದ ಸುದ್ದಿ ದಿನವೂ ಹೊಸದಾಗಿ ತಟ್ಟುತ್ತದೆ.

ನಮ್ಮಲ್ಲಿ ಸಾವಾದರೆ ಸೂತಕವುಂಟು, ಹನ್ನೊಂದನೆಯ ದಿನವುಂಟು, ಅಕ್ಕಪಕ್ಕದವರು ಬಂದು ಮಾತಾಡಿಸಿಕೊಂಡು ಹೋಗುವುದುಂಟು. ಜಾರ್ಜ್‌ಗೆ ಯಾವುದಿದೆ? ಪಕ್ಕದ ಮನೆಯ ಮಿಸೆಸ್ ಸ್ಟ್ರಂಕ್ ಕೇಳಿದರೆ, ಜಿಮ್ ತಂದೆತಾಯಿಯ ಹತ್ತಿರ ಇರಲು ಊರಿಗೆ ಹೋದ ಎಂದು ಸುಳ್ಳು ಹೇಳುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಗಂಡು ಗಂಡನ್ನು ಪ್ರೀತಿಸಿ ಕೂಡಿ ಬಾಳುವುದರ ಮೇಲಿನ ಕಾನೂನಿನ ಕತ್ತಿ ತೊಲಗಿದ್ದೇ 1976ರಲ್ಲಿ. ಅತ್ತು ಹಗುರಾಗಲಿಕ್ಕೂ ಮನುಷ್ಯನಿಗೆ ಒಂದು ಹಕ್ಕು ಬೇಕಾಗುತ್ತದೆ, ಅದು ಅವನಿಗಿರಲಿಲ್ಲ.

ಇಶರ್‌ವುಡ್ ಅಂದರೆ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. 1939ರಲ್ಲಿ ಅಮೆರಿಕಕ್ಕೆ ಹೋದ ಈ ಇಂಗ್ಲೆಂಡಿನವನಿಗೆ ಹಾಲಿವುಡ್ಡಿನಲ್ಲಿ ಸಿಕ್ಕ ಗುರು ರಾಮಕೃಷ್ಣ ಪರಂಪರೆಯ ಸ್ವಾಮಿ ಪ್ರಭವಾನಂದರು. ಇಬ್ಬರೂ ಕೂಡಿ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದರು, 1944ರಲ್ಲಿ. ಶಿಷ್ಯ ಅಳುಕುತ್ತಲೇ ತನ್ನ ಗೆಳೆಯನ ವಿಷಯ ತೆಗೆದಾಗ ಗುರುಗಳು ಗದರಲಿಲ್ಲ. ಆ ಹುಡುಗನಲ್ಲಿ ತರುಣ ಕೃಷ್ಣನನ್ನು ಕಾಣಲು ಪ್ರಯತ್ನಿಸು ಅಂದರಂತೆ. ಎಂಥ ದೊಡ್ಡ ಮನಸ್ಸು!

ಕಾದಂಬರಿಗೆ ಹೆಸರು ಸೂಚಿಸಿದ್ದು ಇಶರ್‌ವುಡ್‌ನ ಸಂಗಾತಿ, ಚಿತ್ರಕಾರ ಡಾನ್ ಬಕಾರ್ಡಿ. ಅವರಿಬ್ಬರಲ್ಲಿ ಬಿರುಕು ಬಿಟ್ಟಿದ್ದ ದಿನಗಳಲ್ಲಿ, ಡಾನ್ ಇಲ್ಲದ ಬಾಳು ಹೇಗಿದ್ದೀತೆಂದು ಊಹಿಸಿ ಬರೆದ ಪುಸ್ತಕವಿದು. ಬಿರುಕೇನೋ ಕೂಡಿತು. ಕೊನೆಗೆ ಒಂಟಿಯಾಗಿ ಉಳಿದವನು ಡಾನ್. ಇಶರ್‌ವುಡ್ 1986ರಲ್ಲಿ ಹೋದ. ಕೊನೆಯ ತಿಂಗಳುಗಳಲ್ಲಿ ದಿನದಿನವೂ ಪಕ್ಕದಲ್ಲಿ ಕೂತು ಅವನ ಚಿತ್ರ ಬರೆಯುತ್ತಿದ್ದ ಡಾನ್, ಉಸಿರು ನಿಂತ ಮೇಲೂ ಕೈ ನಿಲ್ಲಿಸಲಿಲ್ಲ. ದುಃಖಕ್ಕೆ ಏನಾದರೂ ಕೆಲಸ ಬೇಕು, ಅಲ್ಲವೇ?

ಅಂದಹಾಗೆ ಕಾದಂಬರಿಯಲ್ಲಿ ಬರುವ ಜಾರ್ಜ್‌ನ ಗೆಳತಿ ಷಾರ್ಲೆಟ್ ಬಗ್ಗೆ ಹೇಳಲೇ ಇಲ್ಲ. ಗಂಡ ಬಿಟ್ಟುಹೋದ, ಮಗನೂ ದೂರಾದ ಅವಳು ಜಾರ್ಜ್‌ನನ್ನು ರಾತ್ರಿ ಊಟಕ್ಕೆ ಕರೆಯುತ್ತಾಳೆ. ಗ್ಲಾಸು ತುಂಬಿಸುತ್ತಾಳೆ, ಹಳೆಯದೆಲ್ಲ ಕೆದಕುತ್ತಾಳೆ, ಬೇಡದ ಬುದ್ಧಿಮಾತನ್ನೂ ಹೇಳುತ್ತಾಳೆ. ಆದರೂ ಆ ಮನೆಯಲ್ಲಿ ಜಿಮ್ ಸತ್ತಿದ್ದಾನೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೀದಿಗೊಬ್ಬಳು ಷಾರ್ಲೆಟ್ ಇರಬೇಕು ಕಣ್ರೀ. ಅವಳ ಬುದ್ಧಿಮಾತು ಕೇಳದಿದ್ದರಾಯಿತು, ಊಟ ಮಾಡಿ ಬಂದರಾಯಿತು.